ನಿಂತಾಗ ಬಿಸಿ, ಓಡುವಾಗ ತಂಪು: ಕಾರಿನ ಎಸಿಗೆ ಏನಾಗಿದೆ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಮಾತಿನ ಬರಹರೂಪ ಇಲ್ಲಿದೆ.

2024ರ ಮೇ ಕೊನೆ ದೆಹಲಿಯಲ್ಲಿದ್ದವರಿಗೆ ಮರೆತಿರಲ್ಲ. 29ನೇ ತಾರೀಕು ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ. ಆ ವಾರ ಊರಿಂದ ಅಮ್ಮ ಬಂದಿದ್ದರು. ಮಯೂರ್ ವಿಹಾರ್‌ನಿಂದ ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ಹೊರಟೆವು. ಡಿಎನ್‌ಡಿ ಮೇಲೆ ಎಸಿ ತಣ್ಣಗಿತ್ತು. ಆಶ್ರಮ್ ಜಾಮ್‌ನಲ್ಲಿ ನಿಂತಿದ್ದೇ ತಡ, ಬಿಸಿಗಾಳಿ. ಅಮ್ಮ ಸೆರಗಲ್ಲಿ ಬೀಸಿಕೊಳ್ಳುತ್ತಾ ಸುಮ್ಮನಿದ್ದರು. ತಲೆ ಸುತ್ತುತ್ತೆ ಅಂದಾಗ ಗಾಡಿ ತಿರುಗಿಸಿದೆ.

ಮರುದಿನ ಒಂದು ಅಂಗಡಿಯಲ್ಲಿ ಬಾನೆಟ್ ತೆಗೆಯೋ ಮುಂಚೆಯೇ "ಗ್ಯಾಸ್ ಖತಮ್" ಅಂದರು. ತುಂಬಿಸಿಕೊಂಡು ಬಂದೆ. ಜಾಮ್‌ನಲ್ಲಿ ಮೊದಲಿಗಿಂತ ಕೆಟ್ಟದಾಯ್ತು!

ಯಾಕೆ ಅಂತ ಆಮೇಲೆ ಗೊತ್ತಾಯ್ತು. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಲ್ಲ, ಅದೇ ಗ್ಯಾಸ್ ಸುತ್ತುತ್ತಾ ಇರುತ್ತೆ. ನಮ್ಮ ಗಾಡಿಯಲ್ಲಿರೋದು ಆರ್-134ಎ, ಮೈನಸ್ 26 ಡಿಗ್ರಿಗೇ ಕುದಿಯುವಂಥದ್ದು. ಡ್ಯಾಶ್‌ಬೋರ್ಡ್ ಒಳಗೆ ಆವಿಯಾಗುತ್ತಾ ಕಾರಿನ ಶಾಖ ಹೀರಿಕೊಳ್ಳುತ್ತೆ. ಕಂಪ್ರೆಸರ್ ಅದನ್ನ ಒತ್ತಿ, ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ಗೆ ತಳ್ಳುತ್ತೆ. ಅಲ್ಲಿ ಆ ಶಾಖ ಹೊರಗಾಳಿಗೆ ಹೋಗಬೇಕು. ಹೊರಗೇ 46 ಡಿಗ್ರಿ ಇದ್ದರೆ ಕಂಡೆನ್ಸರ್ ಅದಕ್ಕಿಂತ ಎಷ್ಟೋ ಬಿಸಿ ಇರಬೇಕು ತಾನೆ? ಹಾಗಾಗಿ ಒತ್ತಡವೂ ಏರುತ್ತೆ. ಗಾಡಿ ಓಡುವಾಗ ಗಾಳಿ ತಾನಾಗಿ ನುಗ್ಗುತ್ತೆ. ನಿಂತಾಗ ಫ್ಯಾನ್ ಒಂದೇ ಗತಿ. ಫ್ಯಾನ್ ಕೈಕೊಟ್ಟರೆ ಒತ್ತಡ ಮಿತಿಮೀರಿ, ಸುರಕ್ಷತೆಯ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸುತ್ತೆ. ಅದರ ಮೇಲೆ ಹೆಚ್ಚುವರಿ ಗ್ಯಾಸ್ ಬೇರೆ ತುಂಬಿಸಿದ್ದೆ, ನಾನೇ ದುಡ್ಡು ಕೊಟ್ಟು.

ನೀವೇ ನೋಡಬಹುದು. ಎಂಜಿನ್ ಐಡಲ್‌ನಲ್ಲಿಟ್ಟು ಎಸಿ ಹಾಕಿ, ಬಾನೆಟ್ ಎತ್ತಿ. ಮುಂದಿನ ಫ್ಯಾನ್ ತಿರುಗ್ತಿದೆಯಾ? ಕೈ ಮಾತ್ರ ಹತ್ತಿರ ಒಯ್ಯಬೇಡಿ. ಗ್ಯಾಸ್ ಕಡಿಮೆ ಇದ್ದರೂ ಐಡಲ್‌ನಲ್ಲಿ ತಂಪು ಕುಗ್ಗುತ್ತೆ, ಅದಕ್ಕೇ ಇನ್ನೊಂದು ಪರೀಕ್ಷೆ: ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಮೆಲ್ಲಗೆ ಒಂದೆರಡು ಮಗ್ ನೀರು ಹಾಕಿ. ಸ್ವಲ್ಪ ಹೊತ್ತಿಗೆ ಒಳಗೆ ತಂಪು ಮರಳಿದರೆ ತೊಂದರೆ ಬಹುಪಾಲು ಅಲ್ಲೇ, ಕಂಡೆನ್ಸರ್‌ಗೆ ಗಾಳಿ ಸಾಲ್ತಿಲ್ಲ. ನನಗೆ ಹಾಗೇ ಆಯ್ತು. ಫ್ಯಾನ್ ರಿಲೇ ಸತ್ತಿತ್ತು, ಜೊತೆಗೆ ಕಂಡೆನ್ಸರ್ ತುಂಬಾ ದೆಹಲಿಯ ಧೂಳು, ಸೊಳ್ಳೆ, ಒಣ ಎಲೆ. ತೊಳೆಯುವಾಗ ಪ್ರೆಷರ್ ಗನ್ ಬೇಡ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಗಾಳಿಯೇ ಕಡಿಮೆ ಬರ್ತಿದ್ರೆ ಕ್ಯಾಬಿನ್ ಫಿಲ್ಟರ್ ನೋಡಿ, ಅಷ್ಟೇ.

ಗ್ಯಾಸ್ ನಿಜಕ್ಕೂ ಕಡಿಮೆ ಇದ್ದರೆ? ವರ್ಷವರ್ಷವೂ ತುಂಬಿಸಬೇಕಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಜಾಯಿಂಟ್‌ಗಳಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಅಂಟಿರುತ್ತೆ, ಅದೇ ಸುಳಿವು. ಸೋರಿಕೆ ಮುಚ್ಚಿ, ವ್ಯಾಕ್ಯೂಮ್ ಮಾಡಿ, ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗ್ರಾಂ ತೂಕ ಮಾಡಿಯೇ ತುಂಬಿಸಬೇಕು. ನಾನೂ ಹೆಚ್ಚಾಗಿದ್ದನ್ನ ತೆಗೆಸಿ, ಹಾಗೇ ಮತ್ತೆ ಹಾಕಿಸಿದೆ.

ಮುಂದಿನ ಸಲ ಅಂಗಡಿಗೆ ಹೋದಾಗ "ಗ್ಯಾಸ್ ಡಾಲ್ ದೋ" ಅನ್ನಬೇಡಿ. "ಭಯ್ಯಾ, ಪೆಹಲೇ ಪಂಖಾ ದೇಖೋ" ಅನ್ನಿ.