ಪೈಪ್ ಆರ್ಗನ್ ಕಲಿಕೆ: ಕಾಲು ಪಳಗುತ್ತದೆ, ಎಡಗೈ ಹಟ ಹಿಡಿಯುತ್ತದೆ

ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ನೋಡಿದವರಿಗೆ ಕಾಲು ಸೇರಿಸಿ ವಾದ್ಯ ನುಡಿಸುವುದು ಹೊಸ ಸಂಗತಿಯಲ್ಲ. ಆದರೆ ಅಲ್ಲಿ ಕಾಲಿನ ಪಾಲಿಗೆ ಬರುವುದು ಗಾಳಿ ತುಂಬುವ ಕೆಲಸ ಮಾತ್ರ, ಸ್ವರವೆಲ್ಲ ಕೈಯದು. ಯುರೋಪಿನ ಚರ್ಚುಗಳ ಪೈಪ್ ಆರ್ಗನ್‌ನಲ್ಲಿ ಗಾಳಿಯ ಉಸಾಬರಿ ವಾದಕನಿಗಿಲ್ಲ, ಅದನ್ನು ಈಗ ವಿದ್ಯುತ್ ಮೋಟಾರು ನೋಡಿಕೊಳ್ಳುತ್ತದೆ. ಅವನ ಕಾಲು ನುಡಿಸಬೇಕಾದದ್ದು ಸ್ವರಗಳನ್ನೇ. ಬೆಂಚಿನ ಕೆಳಗೆ ಪೆಡಲ್ ಎಂದು ಕರೆಯುವ, ಉದ್ದುದ್ದ ಮರದ ಪಟ್ಟಿಗಳ ಕೀಲಿಮಣೆ, ಸಾಮಾನ್ಯವಾಗಿ 30 ಅಥವಾ 32 ಕೀ, ಅಂದರೆ ಸುಮಾರು ಎರಡೂವರೆ ಸಪ್ತಕ. ಎದುರಿಗೆ ಒಂದರ ಮೇಲೊಂದು ಎರಡೋ ಮೂರೋ ಕೈ ಕೀಲಿಮಣೆಗಳು. ಪಿಯಾನೊ ಬಲ್ಲವರು ಇದರ ಮುಂದೆ ಕೂತಾಗ ಹೆದರುವುದು ಕಾಲಿಗೆ. ಹೆದರಬೇಕಾದದ್ದು ಎಡಗೈಗೆ ಎಂಬುದು ನನ್ನ ಅಭಿಪ್ರಾಯ. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ಸದ್ದು ಹುಟ್ಟುವ ಬಗೆ. ಕೀ ಒತ್ತಿದರೆ ಗಾಳಿಪೆಟ್ಟಿಗೆಯ ಒಂದು ಕವಾಟ ತೆರೆದು ಕೊಳವೆಗೆ ಗಾಳಿ ನುಗ್ಗುತ್ತದೆ, ಬಿಟ್ಟರೆ ಕವಾಟ ಮುಚ್ಚುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಕುಟ್ಟಿದರೂ ಸದ್ದಿನ ಪ್ರಮಾಣ ಒಂದೇ. ಒತ್ತಿ ಹಿಡಿದಷ್ಟು ಹೊತ್ತೂ ಸ್ವರ ಕುಂದದೆ ನಿಂತಿರುತ್ತದೆ, ಬಿಟ್ಟ ಕ್ಷಣ ಕಡಿಯುತ್ತದೆ. ಪಿಯಾನೊದಲ್ಲಿ ಸ್ವರಗಳನ್ನು ಬೆಸೆದುಕೊಡುವಂಥ ಪೆಡಲ್ ಇಲ್ಲಿಲ್ಲ. ಹಾಗಾಗಿ ಬೆರಳು ಯಾವಾಗ ಇಳಿಯಿತು ಎಂಬಷ್ಟೇ ಯಾವಾಗ ಎದ್ದಿತು ಎಂಬುದೂ ಮುಖ್ಯ. ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಅಳೆದು ಬಿಟ್ಟ ಮೌನ ಬೇಕು, ಇಲ್ಲದಿದ್ದರೆ ಎರಡೂ ಅಂಟಿ ಒಂದೇ ಉದ್ದ ಸ್ವರವಾಗುತ್ತದೆ. ಒಂದು ಕೀಯನ್ನು ಹಿಡಿದಿರುವಾಗಲೇ ನಾಲ್ಕನೇ ಬೆರಳಿನ ಜಾಗಕ್ಕೆ ಐದನೆಯದನ್ನು ಸದ್ದಿಲ್ಲದೆ ತಂದು, ಬಿಡುವಾದ ಬೆರಳನ್ನು ಮುಂದಿನ ಸ್ವರಕ್ಕೆ ಕಳಿಸುವ ಅಭ್ಯಾಸವನ್ನು ಆರಂಭದಲ್ಲೇ ಕಲಿಸುತ್ತಾರೆ.

ಇನ್ನು ಕಾಲು. ಬರಿಗಾಲಲ್ಲಿ ನುಡಿಸುವವರೂ ಇದ್ದಾರೆ. ಆದರೆ ತೆಳು ಚರ್ಮದ ಅಟ್ಟೆಯ, ಮೂತಿ ಕಿರಿದಾದ, ಒಂದಂಗುಲದಷ್ಟು ಹಿಮ್ಮಡಿಯ ಶೂ ಇದ್ದರೆ ಅರ್ಧ ಕಷ್ಟ ಅಲ್ಲೇ ಕಳೆಯಿತು. ರಬ್ಬರ್ ಅಟ್ಟೆ ಜಾರುವುದಿಲ್ಲ, ಜಾರದ ಕಾಲು ಇಲ್ಲಿ ಕೆಲಸಕ್ಕೆ ಬಾರದು. ಪಾದಗಳು ಕೀಗಳ ಮೇಲೆ ಒತ್ತದೆ ಹಗುರಾಗಿ ಕೂರುವಂತೆ ಬೆಂಚಿನ ಎತ್ತರ ಹೊಂದಿಸಿ, ನಡುಮಧ್ಯೆ ಕೂರಬೇಕು. ಮಂಡಿಗಳು ಹತ್ತಿರ ಇರಲಿ. ಒತ್ತುವುದು ಹೆಬ್ಬೆರಳ ಕಡೆಯ ಒಳಅಂಚಿನಿಂದ, ತೊಡೆ ಎತ್ತಿ ತುಳಿದಲ್ಲ, ಕಣಕಾಲು ಮಡಿಸಿ. ಬಗ್ಗಿ ನೋಡುವಂತಿಲ್ಲ. ಕಪ್ಪು ಕೀಗಳು ಎರಡು, ಮೂರರ ಗುಂಪುಗಳಲ್ಲಿವೆ, ಗುಂಪುಗಳ ನಡುವಿನ ತೆರಪಿಗೆ ಶೂ ಮೂತಿ ತಾಗಿದಾಗ ಎಲ್ಲಿದ್ದೇವೆಂದು ಕಾಲಿಗೇ ಗೊತ್ತಾಗುತ್ತದೆ. ಮೊದಮೊದಲು ಇದು ಅಸಾಧ್ಯವೆನಿಸುತ್ತದೆ, ಆದರೆ ಬಿಡದೆ ಕೂತವರಿಗೆ ಕೆಲವೇ ವಾರಗಳಲ್ಲಿ ಒಲಿಯುತ್ತದೆ. ಜರ್ಮನ್ ಸಂಗೀತ ರಚನಕಾರ ಬಾಖ್ ಕಾಲದ ಕೃತಿಗಳನ್ನು ಬಹುಮಟ್ಟಿಗೆ ಮುಂಗಾಲಿನಿಂದ, ಎಡ ಬಲ ಸರದಿಯಲ್ಲಿ ನುಡಿಸುತ್ತಾರೆ. 19ನೇ ಶತಮಾನದ ಕೃತಿಗಳಿಗೆ ಹಿಮ್ಮಡಿಯೂ ಬೇಕು. ಮುದ್ರಿತ ಪುಸ್ತಕಗಳಲ್ಲಿ ಬಲಗಾಲಿನ ಗುರುತು ಸ್ವರಗಳ ಮೇಲೆ, ಎಡಗಾಲಿನದು ಕೆಳಗೆ ಇರುತ್ತದೆ.

ಎಡಗೈಯ ತಕರಾರು ಅರ್ಥವಾಗಲು ಒಂದು ಕೃತಿಯನ್ನೇ ಎದುರಿಗಿಟ್ಟುಕೊಳ್ಳೋಣ. ಹೊಸಬರ ಕೈಗೆ ಬೇಗ ಬರುವ ಬಾಖ್ ಕೃತಿಗಳಲ್ಲೊಂದು ‘ಇಶ್ ರೂಫ್ ಟ್ಸು ಡಿಯರ್’, ಕೃತಿಪಟ್ಟಿಯಲ್ಲಿ ಬಿಡಬ್ಲ್ಯುವಿ 639. ತಾರ್ಕೋವ್‌ಸ್ಕಿಯ 1972ರ ಚಲನಚಿತ್ರ ‘ಸೋಲಾರಿಸ್’ ನೋಡಿದವರ ಕಿವಿಯಲ್ಲಿ ಇದು ಆಗಲೇ ಇದೆ. ‘ಓರ್ಗೆಲ್‌ಬ್ಯೂಶ್ಲೈನ್’ ಎಂಬ ಪುಟ್ಟ ಪುಸ್ತಕದ್ದು. ಬಾಖ್ ಅದರಲ್ಲಿ 164 ಚರ್ಚ್ ಗೀತೆಗಳಿಗೆ ಜಾಗ ಗುರುತಿಸಿಟ್ಟು, ಬರೆದು ಮುಗಿಸಿದ್ದು 46 ಕೃತಿಗಳನ್ನು. ಕಲಿಯತೊಡಗಿದ ವಾದಕನಿಗೆ ಪೆಡಲ್ ಅಭ್ಯಾಸವಾಗಲಿ ಎಂಬುದೂ ಇದರ ಉದ್ದೇಶವೆಂದು ಮುಖಪುಟದಲ್ಲೇ ಹೇಳಿದ್ದಾನೆ.

639ರಲ್ಲಿ ಇರುವುದು ಮೂರೇ ದನಿ. ಬಲಗೈಯಲ್ಲಿ ಅಲಂಕಾರಗಳೊಡನೆ ಹಾಡು, ಬೇರೊಂದು ಕೀಲಿಮಣೆಯಲ್ಲಿ ಎಡಗೈಯ ಎಡೆಬಿಡದ ಹರಿವು, ಕಾಲಿನಲ್ಲಿ ಎಡಗೈಯ ಅರ್ಧ ವೇಗದಲ್ಲಿ ಸಮನಾದ ನಡಿಗೆ. ಬರವಣಿಗೆಯೂ ಮೂರು ಸಾಲು, ಕಾಲಿನದು ಎಲ್ಲಕ್ಕಿಂತ ಕೆಳಗೆ. ಕಾಲಿನ ಸಾಲು ಒಂದೇ ಇದ್ದಾಗ ಸುಲಭ. ಎರಡು ಕೈ ಸೇರಿದರೂ ತೊಂದರೆಯಿಲ್ಲ. ಎಡಗೈಗೆ ಕಾಲು ಜೊತೆಯಾದ ಕೂಡಲೇ ಎಲ್ಲ ಕುಸಿಯುತ್ತದೆ. ಪಿಯಾನೊದಲ್ಲಿ ವರ್ಷಗಟ್ಟಲೆ ಅತಿ ಕೆಳಗಿನ ಸ್ವರ ಎಡಗೈಯದೇ ಆಗಿತ್ತು. ಈಗ ಕಿವಿಗೆ ಮಂದ್ರ ಬಿದ್ದೊಡನೆ ಅದು ತನ್ನದೇ ಎಂದು ಎಡಗೈ ಅತ್ತ ಸರಿಯುತ್ತದೆ. ಕಾಲು ಕೆಳಗಿಳಿದರೆ ಕೈಯೂ ಇಳಿಯುತ್ತದೆ, ಕಾಲು ನಿಂತರೆ ಕೈಯೂ ತಡವರಿಸುತ್ತದೆ.

ಮೂರು ದನಿಗಳನ್ನು ಒಂದೊಂದಾಗಿ, ಎರಡೆರಡಾಗಿ, ಒಟ್ಟಾಗಿ ಎಂದು ಏಳು ಬಗೆಯಲ್ಲಿ ಅಭ್ಯಾಸ ಮಾಡಬಹುದು. ಏಳಕ್ಕೂ ಸಮಪಾಲು ಕೊಡಬೇಡಿ. ಸಮಯದ ಅರ್ಧಕ್ಕೂ ಹೆಚ್ಚು ಎಡಗೈ ಮತ್ತು ಕಾಲಿಗೇ ಸಲ್ಲಲಿ, ಅದೂ ತಪ್ಪೇ ಆಗದಷ್ಟು ನಿಧಾನವಾಗಿ, ಎರಡೆರಡು ಆವರ್ತದ ತುಂಡುಗಳಲ್ಲಿ. ಅದು ಕೂತ ಮೇಲೆ ಬಲಗೈಯ ಹಾಡನ್ನು ಬಾಯಲ್ಲಿ ಹಾಡುತ್ತ ಉಳಿದೆರಡನ್ನು ನುಡಿಸಿ ನೋಡಿ. ಬಾಯಿ ತಡವರಿಸಿದ ಕಡೆ ಬಲಗೈಯೂ ಸಾಮಾನ್ಯವಾಗಿ ತಡವರಿಸುತ್ತದೆ.

ಯಾವ ಸ್ಟಾಪ್‌ಗಳನ್ನು, ಅಂದರೆ ಕೊಳವೆಗಳ ಸಾಲುಗಳನ್ನು ಆರಿಸುವ ಗುಬ್ಬಿಗಳನ್ನು, ಎಳೆದು ಅಭ್ಯಾಸ ಮಾಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸ್ಟಾಪ್‌ಗಳ ಮೇಲೆ 8, 4, 16 ಎಂಬ ಅಂಕಿಗಳಿರುತ್ತವೆ. ಅವು ಆ ಸಾಲಿನ ಅತಿ ಉದ್ದದ ತೆರೆದ ಕೊಳವೆಯ ಸುಮಾರು ಉದ್ದ, ಅಡಿಗಳಲ್ಲಿ. 8 ಎಂದರೆ ಬರೆದ ಸ್ಥಾಯಿ, 16 ಒಂದು ಸಪ್ತಕ ಕೆಳಗೆ, 4 ಒಂದು ಸಪ್ತಕ ಮೇಲೆ. ಪೆಡಲ್‌ಗೆ 16 ಅಡಿಯದನ್ನು ಎಳೆದರೆ ಗಂಭೀರವಾಗಿ ಕೇಳುತ್ತದೆ ನಿಜ, ಆದರೆ ಆ ಗುಡುಗಿನಲ್ಲಿ ಕಾಲಿನ ತಪ್ಪೆಲ್ಲ ಮುಚ್ಚಿಹೋಗುತ್ತದೆ. ಅಭ್ಯಾಸಕ್ಕೆ 8 ಅಡಿಯ ಒಂದೇ ಸ್ಪಷ್ಟ ಸ್ಟಾಪ್ ಸಾಕು.

ಅಭ್ಯಾಸಕ್ಕೆ ವಾದ್ಯ ಸಿಗುವುದು ಹಿಂದಿನಿಂದಲೂ ಕಷ್ಟವೇ. ಮೋಟಾರು ಬರುವ ಮುನ್ನ ತಿದಿ ಒತ್ತಲು ಆಳು ಬೇಕಿತ್ತು. 1837ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ರಚನಕಾರ ಮೆಂಡೆಲ್‌ಸನ್ ನುಡಿಸುತ್ತಿದ್ದಾಗ ಕೇಳಲು ನಿಂತ ಜನ ಕದಲಲೇ ಇಲ್ಲ. ಬಾಗಿಲು ಹಾಕಬೇಕಿದ್ದವರು ತಿದಿಯವರನ್ನೇ ಕಳಿಸಿಬಿಟ್ಟರು, ಬಾಖ್‌ನ ಫ್ಯೂಗ್ ನಡುವೆಯೇ ವಾದ್ಯ ಮೂಕವಾಯಿತು. ಜರ್ಮನ್ ವಾದಕರು ಈ ತಾಪತ್ರಯಕ್ಕೇ ಮನೆಯಲ್ಲಿ ಪೆಡಲ್ ಜೋಡಿಸಿದ ಕ್ಲಾವಿಕಾರ್ಡ್ ಎಂಬ ತಂತಿಯ ಕೀಲಿಮಣೆ ವಾದ್ಯ ಇಟ್ಟುಕೊಳ್ಳುತ್ತಿದ್ದರು. ಈಗ ಆ ಜಾಗಕ್ಕೆ ಹೆಡ್‌ಫೋನ್ ಹಾಕಿ ನುಡಿಸುವ ಡಿಜಿಟಲ್ ಆರ್ಗನ್ ಬಂದಿದೆ.

ಮನೆಯಲ್ಲಿ ಕಲಿತು ಚರ್ಚಿಗೆ ಹೋದವರಿಗೆ ಒಂದು ಎಚ್ಚರಿಕೆ. ಕೊಳವೆಗಳು ದೂರದಲ್ಲಿದ್ದರೆ ಸದ್ದು ತಡವಾಗಿ ಕಿವಿ ತಲುಪುತ್ತದೆ. ಕಲ್ಲಿನ ದೊಡ್ಡ ಕಟ್ಟಡದಲ್ಲಿ ಮಾರ್ದನಿ ಕೆಲವು ಸೆಕೆಂಡು ಉಳಿಯುತ್ತದೆ. ಕೇಳಿದ್ದಕ್ಕೆ ಕಾದು ನುಡಿಸಿದರೆ ಲಯ ಪ್ರತಿ ಸಾಲಿಗೂ ಜಗ್ಗುತ್ತ ಹೋಗುತ್ತದೆ. ಅಲ್ಲಿ ಲಯವನ್ನು ಕಿವಿಗೆ ಬಿಡದೆ ಬೆರಳು, ಪಾದಗಳ ಚಲನೆಯಲ್ಲೇ ಹಿಡಿಯಬೇಕು. ಸ್ವರಗಳ ನಡುವಿನ ಬಿಡುವನ್ನೂ ಮನೆಗಿಂತ ಹೆಚ್ಚಿಸಬೇಕು.

639 ಕೈಗೆ ಬಂತೆಂದು ಬಾಖ್‌ನ ಆರು ಟ್ರಿಯೊ ಸೊನಾಟಾಗಳಿಗೆ ಹಾರುವವರಿದ್ದಾರೆ, ದಯವಿಟ್ಟು ಬೇಡ. ಅವನ್ನು ಹಿರಿಮಗ ವಿಲ್‌ಹೆಲ್ಮ್ ಫ್ರೀಡೆಮಾನ್‌ನ ತಾಲೀಮಿಗೆಂದು ಬರೆದನೆಂದು ಬಾಖ್‌ನ ಜೀವನಚರಿತ್ರೆ ಬರೆದ ಫೋರ್ಕೆಲ್ ಹೇಳುತ್ತಾನೆ, ಪಳಗಿದ ವಾದಕರೂ ಅವುಗಳ ಮುಂದೆ ಬೆವರುತ್ತಾರೆ. ನಡುವೆ ‘ಎಂಟು ಪುಟ್ಟ ಪ್ರೆಲ್ಯೂಡ್ ಮತ್ತು ಫ್ಯೂಗ್’ಗಳಿವೆ, ಬಿಡಬ್ಲ್ಯುವಿ 553ರಿಂದ 560. ಬಾಖ್ ಬರೆದದ್ದೇ ಎಂಬ ಬಗ್ಗೆ ವಿದ್ವಾಂಸರಿಗೆ ಅನುಮಾನವಿದ್ದರೂ, ಕಾಲಿಗೆ ಅವುಗಳಷ್ಟು ಹದವಾದ ಪಾಠ ಇನ್ನೊಂದಿಲ್ಲ.