ಪುಣೆಯ ನಾಲಿಗೆಗೆ ಉಡುಪಿಯ ಬೆಲ್ಲ

ಭಾನುವಾರ ಬೆಳಿಗ್ಗೆ ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ ಹೋಟೆಲಿಗೆ ಹೋದ ಕೂಡಲೇ ಕುರ್ಚಿ ಸಿಕ್ಕಿತೆಂದರೆ ಅದೃಷ್ಟ ಚೆನ್ನಾಗಿದೆ ಎಂದೇ ಅರ್ಥ. ಕಾಲೇಜು ಹುಡುಗರು, ವಾಕಿಂಗ್ ಮುಗಿಸಿದ ಹಿರಿಯರು, ಮಕ್ಕಳುಮರಿ ಕಟ್ಟಿಕೊಂಡು ಬಂದ ಸಂಸಾರಗಳು ಸರದಿ ಕಾಯುತ್ತಿರುತ್ತವೆ. ಒಳಗೆ ಕೂತವರಿಗೋ, ಏಳುವ ಅವಸರವೇ ಇಲ್ಲ. ಮಾತು ಮುಗಿಯದಿದ್ದರೆ ಇನ್ನೊಂದು ಕಾಫಿ!

ಇದನ್ನು ಕಟ್ಟಿ ಬೆಳೆಸಿದವರು ಜಗನ್ನಾಥ ಶೆಟ್ಟಿ. ಕರಾವಳಿಯಿಂದ ಹದಿಹರೆಯದಲ್ಲೇ ಹೊಟ್ಟೆಪಾಡಿಗೆ ಘಟ್ಟ ಹತ್ತಿ ಬಂದವರು. ಇಂದಿನ ವೈಶಾಲಿ ಮೊದಲು ‘ಮದ್ರಾಸ್ ಹೆಲ್ತ್ ಹೋಮ್’ ಆಗಿತ್ತು. ಅದೇ ರಸ್ತೆಯ ಇನ್ನೊಂದು ಹೋಟೆಲು ‘ರೂಪಾಲಿ’ಗೆ ಆಗ ‘ಕೆಫೆ ಮದ್ರಾಸ್’ ಎಂಬ ಹೆಸರು. ಉಡುಪಿಯವರು ಮದ್ರಾಸ್ ಎಂದು ಬೋರ್ಡು ಹಾಕಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ, ಉಡುಪಿಯೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನದೇ ಆಗಿತ್ತಲ್ಲ. ಶೆಟ್ಟರು ತೀರಿಕೊಂಡದ್ದು 2023ರ ಜನವರಿಯಲ್ಲಿ, ತೊಂಬತ್ತು ದಾಟಿದ ಮೇಲೆ.

ಪೋಹೆ, ಮಿಸಳ್ ತಿಂದು ಬೆಳೆದ ಊರು ಇಡ್ಲಿ-ಸಾಂಬಾರಿಗೆ ಒಲಿದದ್ದು ಹೇಗೆ? ಉತ್ತರ ಸಾಂಬಾರಿನ ಬಟ್ಟಲಲ್ಲೇ ಸಿಗುತ್ತದೆ. ಕೊತ್ತಂಬರಿ, ಮೆಂತ್ಯ, ಒಣಮೆಣಸು ಹುರಿದು, ತೆಂಗಿನಕಾಯಿ ಜೊತೆ ರುಬ್ಬಿ, ಹುಣಸೆರಸದಲ್ಲಿ ಕುದಿಸಿದ ಮೇಲೂ ಉಡುಪಿಯ ಅಡುಗೆಯವರಿಗೆ ಒಂದು ಚೂರು ಬೆಲ್ಲ ಬೀಳದೆ ಸಮಾಧಾನವಿಲ್ಲ. ಪುಣೆಯ ಮನೆಗಳ ಆಮಟಿಯೂ ಹಾಗೆಯೇ: ತೊಗರಿಬೇಳೆ, ಗೋಡಾ ಮಸಾಲೆ, ಹುಳಿ, ಬೆಲ್ಲ. ಹುಳಿಸಿಹಿ ಬೇಳೆಸಾರು ಉಂಡು ಬೆಳೆದ ಪುಣೆಕರ ನಾಲಿಗೆಗೆ ಉಡುಪಿಯ ಸಾಂಬಾರು ಪರಕೀಯವಾಗಿ ಕಾಣಲು ಕಾರಣವೇ ಇರಲಿಲ್ಲ. ಬೆಂಗಳೂರಿನಲ್ಲಿ ಸಾಂಬಾರು ಸಿಹಿಯೆಂದು ಮೂಗು ಮುರಿಯುವವರು ಇಲ್ಲಿ ಹೊಂದಿಕೊಳ್ಳುವುದೇ ಕಷ್ಟ.

ಮೈಸೂರು ಮಸಾಲೆಯದು ಬೇರೆಯೇ ಕತೆ. ಮೈಸೂರಿನವರಿಗೆ ಅದೆಂದರೆ ಒಳಮೈಗೆ ಸವರಿದ ಕೆಂಪು ಚಟ್ನಿ, ಮೇಲೊಂದು ಸೌಟು ಪಲ್ಯ. ಮುಂಬೈ-ಪುಣೆಯ ಹೋಟೆಲುಗಳಲ್ಲಿ ದೋಸೆ ಇನ್ನೂ ಕಾವಲಿಯ ಮೇಲಿರುವಾಗಲೇ ಬೆಣ್ಣೆ, ಈರುಳ್ಳಿ, ಟೊಮೆಟೊ, ಖಾರದ ಮಸಾಲೆ ಬಿದ್ದು, ಅಲ್ಲೇ ಅರೆದು ಹರಡಿಕೊಳ್ಳುತ್ತವೆ. ಪಾವ್ ಭಾಜಿಯ ನೆಂಟಸ್ತಿಕೆ ಎದ್ದು ಕಾಣುತ್ತದೆ. ರುಚಿಗೇನೂ ಕೊರತೆಯಿಲ್ಲ, ಮೈಸೂರಿನ ಹೆಸರು ಮಾತ್ರ ಅದಕ್ಕೆ ಸ್ವಲ್ಪ ಭಾರ.

ಇಷ್ಟಾಗಿಯೂ ವೈಶಾಲಿಯ ಹೆಸರು ಹೇಳಿದೊಡನೆ ಬಹಳಷ್ಟು ಪುಣೆಕರರ ಬಾಯಲ್ಲಿ ನೀರೂರುವುದು ದೋಸೆಗಲ್ಲ, ಎಸ್‌ಪಿಡಿಪಿಗೆ. ಸೇವ್, ಆಲೂ, ಮೊಸರು, ಪೂರಿ ಸೇರಿದ ಅಪ್ಪಟ ಚಾಟ್ ಅದು. ಉಡುಪಿ ಹೋಟೆಲಿನಲ್ಲಿ ಇದೇನು ಎಂದು ಊರಿನಿಂದ ಬಂದ ನೆಂಟರು ಹುಬ್ಬೇರಿಸಬಹುದು. ಆದರೆ ಗಿರಾಕಿ ಕೇಳಿದ್ದನ್ನು ಇಲ್ಲವೆನ್ನದೆ ಬೇಯಿಸಿ ಬಡಿಸುವುದು ಉಡುಪಿ ಹೋಟೆಲುಗಳ ಹಳೇ ಚಾಳಿ. ಬೆಂಗಳೂರಿನ ಉಡುಪಿ ಹೋಟೆಲುಗಳಲ್ಲಿ ಗೋಬಿ ಮಂಚೂರಿ ಬಂದು ಕೂತದ್ದೂ ಹೀಗೆಯೇ.