ಖಡಕಿಯಲ್ಲಿ ಮೈ ನಡುಗಿಸುವ ಚಳಿ: ಹಾಗಾದರೆ ತಾಪಮಾನ ಏರಿಕೆ ಸುಳ್ಳೇ?

ಪುಣೆ: ಡಿಸೆಂಬರ್-ಜನವರಿಯಲ್ಲಿ ಖಡಕಿಯಲ್ಲಿ ಬೆಳ್ಳಂಬೆಳಗ್ಗೆ ಸ್ವೆಟರ್ ಇಲ್ಲದೆ ಹೊರಗೆ ಕಾಲಿಡುವುದು ಕಷ್ಟ. ಭೂಮಿ ಬಿಸಿಯಾಗುತ್ತಿದ್ದರೆ ಇಷ್ಟು ಚಳಿ ಏಕೆ ಎಂಬುದು ಹಲವರ ಪ್ರಶ್ನೆ.

ಗೊಂದಲಕ್ಕೆ ಪದವೂ ಒಂದು ಕಾರಣ. ನಾಳೆಯ ಮಳೆ, ಚಳಿಯನ್ನೂ 'ಹವಾಮಾನ' ಎನ್ನುತ್ತೇವೆ. ಸುಮಾರು 30 ವರ್ಷಗಳ ಸರಾಸರಿಯನ್ನೂ ಹಾಗೇ ಕರೆಯುತ್ತೇವೆ. ಎರಡನೆಯದಕ್ಕೆ ಪಠ್ಯಪುಸ್ತಕದಲ್ಲಿರುವ ಹೆಸರು 'ವಾಯುಗುಣ'. ಬದಲಾಗುತ್ತಿರುವುದು ಅದು.

ಚಳಿ ಬರುವುದು ಹೇಗೆ?

ಉತ್ತರದಿಂದ ತಂಪಾದ ಒಣಗಾಳಿ ಬೀಸಿದಾಗ, ಆಕಾಶದಲ್ಲಿ ಮೋಡವಿಲ್ಲದಿದ್ದರೆ ನೆಲದ ಶಾಖ ರಾತ್ರಿಯಿಡೀ ಮೇಲಕ್ಕೆ ಹೋಗುತ್ತದೆ. ಹಾಗಾಗಿ ನಸುಕಿನಲ್ಲಿ ಪಾದರಸ ಕುಸಿಯುತ್ತದೆ. ಭೂಮಿ ಬಿಸಿಯಾದರೂ ಇದು ನಿಲ್ಲುವುದಿಲ್ಲ. ಆದರೆ ದೀರ್ಘಾವಧಿಯಲ್ಲಿ ಇಂಥ ರಾತ್ರಿಗಳು ಕಡಿಮೆಯಾಗುತ್ತವೆ.

ಅಂಕಿ-ಅಂಶ ಏನು ಹೇಳುತ್ತದೆ?

ಪುಣೆಯಲ್ಲಿ 1935ರ ಜನವರಿ 17ರಂದು ಕನಿಷ್ಠ ತಾಪಮಾನ 1.7 ಡಿಗ್ರಿಗೆ ಇಳಿದಿತ್ತು. ಅದು ಒಂದು ದಿನದ ಲೆಕ್ಕ. ಇಡೀ ದೇಶದ ವರ್ಷದ ಲೆಕ್ಕ ನೋಡಿದರೆ, ಭಾರತೀಯ ಹವಾಮಾನ ಇಲಾಖೆಯ ಪ್ರಕಾರ 1901ರಿಂದ 2024ರವರೆಗೆ ಅತಿ ಬಿಸಿ ವರ್ಷ 2024. ಸರಾಸರಿ ತಾಪಮಾನ 1991-2020ರ ಸರಾಸರಿಗಿಂತ 0.65 ಡಿಗ್ರಿ ಹೆಚ್ಚಿತ್ತು.

ಸ್ವೆಟರ್ ಅಗತ್ಯವಾಗಿ ಹಾಕಿಕೊಳ್ಳಿ. ಆದರೆ ಒಂದು ವಾರದ ಚಳಿ ನಂಬಿ ಬೇಸಿಗೆಯ ಬಿಸಿಲಿನ ಎಚ್ಚರಿಕೆಯನ್ನು ಕಡೆಗಣಿಸಬೇಡಿ.